ಆ ನೀಲಿ ಜೆರ್ಸಿ ಒರೆಸುವ ಬಟ್ಟೆಯಲ್ಲ

ತಿ. ನರಸೀಪುರ
ಜನವರಿ 2026

ತಿ. ನರಸೀಪುರ ಮತ್ತು ನಂಜನಗೂಡು ತಾಲ್ಲೂಕುಗಳಿಂದ ಬೆಂಗಳೂರಿಗೆ ದುಡಿಯಲು ಹೋಗಿ, ಪಂದ್ಯದ ದಿನ ಕಂಠೀರವ ಕ್ರೀಡಾಂಗಣದಲ್ಲಿ ಗಂಟಲು ಹರಿಯುವಂತೆ ಕೂಗುತ್ತಿದ್ದ ನಮ್ಮ ಹುಡುಗ ಹುಡುಗಿಯರಿಗೆ,

ಸಂಕ್ರಾಂತಿಗೆ ಊರಿಗೆ ಬಂದಿದ್ದ ನಿಮ್ಮಲ್ಲೊಬ್ಬನನ್ನು ನೋಡಲು ಅವನ ಮನೆಗೆ ಹೋಗಿದ್ದೆ. ಜಗಲಿಯ ಮುಂದೆ ಬೈಕು ನಿಲ್ಲಿಸಿಕೊಂಡು ತೊಳೆಯುತ್ತಿದ್ದ. ಕೈಯಲ್ಲಿದ್ದ ಒರೆಸುವ ಬಟ್ಟೆ ನೀಲಿ ಬಣ್ಣದ್ದು. ಹತ್ತಿರ ಹೋದಾಗ ಅದರ ಮೇಲೆ 11 ಅಂತ ಕಾಣಿಸಿತು. ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡದ ಸುನಿಲ್ ಛೆಟ್ರಿಯ ನಂಬರು.

"ಇದು ಬಿಎಫ್‌ಸಿ ಜೆರ್ಸಿ ಅಲ್ವೇನೋ?" ಅಂದೆ.

"ಹೂಂ ಸಾರ್. ಇಟ್ಕೊಂಡು ಏನ್ ಮಾಡೋದು? ಲೀಗೇ ನಿಂತೋಗಿತ್ತು. ಕಪ್ಪು ಗೆದ್ದೂ ಎಷ್ಟು ವರ್ಷ ಆಯ್ತು" ಅಂದ. ಮಾತು ಮುಗಿಸಿ ಮತ್ತೆ ಚಕ್ರ ಒರೆಸಲು ಕೂತ.

ಅವನ ಮೇಲೆ ನನಗೆ ಸಿಟ್ಟಿಲ್ಲ. ಅವತ್ತು ಏನೂ ಹೇಳದೆ, ಅವರಮ್ಮ ಕೊಟ್ಟ ಎಳ್ಳುಬೆಲ್ಲ ತಿಂದು, ಕಾಫಿ ಕುಡಿದು ಎದ್ದು ಬಂದೆ. ಆದರೆ ರಾತ್ರಿಯೆಲ್ಲ ಆ ಬಟ್ಟೆ ಕಣ್ಣ ಮುಂದೆ ಬರುತ್ತಿತ್ತು. ಅವನೊಬ್ಬನದೇ ಮಾತಾಗಿದ್ದರೆ ಅವನಿಗೇ ಹೇಳಿ ಮುಗಿಸುತ್ತಿದ್ದೆ. ಹಬ್ಬಕ್ಕೆ ಬಂದ ಮಿಕ್ಕವರ ಬಾಯಲ್ಲೂ ಇದೇ ಮಾತು ಕೇಳಿದೆ. ಅದಕ್ಕೇ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ನಾನು ಮೂವತ್ತೊಂದು ವರ್ಷ ಈ ಎರಡು ತಾಲ್ಲೂಕಿನ ಶಾಲೆಗಳಲ್ಲಿ ದೈಹಿಕ ಶಿಕ್ಷಣ ಕಲಿಸಿದವನು. ನಮ್ಮ ಕಡೆ ಆಟ ಎಂದರೆ ಕೊಕ್ಕೊ, ಕಬಡ್ಡಿ, ವಾಲಿಬಾಲ್. ಹೊಳೆ ಬಯಲಿನಲ್ಲಿ ಕ್ರಿಕೆಟ್. ಕ್ರೀಡಾ ಸಾಮಗ್ರಿಯ ಪಟ್ಟಿಯಲ್ಲಿ ಫುಟ್‌ಬಾಲ್ ಕೂಡ ಇರುತ್ತಿತ್ತು, ಶಾಲೆಗೊಂದು ಬರುತ್ತಲೂ ಇತ್ತು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹೊಲಿಗೆ ಬಿಚ್ಚಿಕೊಳ್ಳುತ್ತಿತ್ತು. ಹನ್ನೊಂದು ಜನ ನಿಂತು ಆಡುವಷ್ಟು ಬಯಲು ಎಲ್ಲ ಶಾಲೆಗೂ ಇರಲಿಲ್ಲ. ನನಗೆ ತಿಳಿದ ಫುಟ್‌ಬಾಲ್ ನಿಯಮದ ಪುಸ್ತಕದಲ್ಲಿದ್ದಷ್ಟೇ. ಆ ಆಟ ಮನುಷ್ಯನನ್ನು ಏನು ಮಾಡುತ್ತದೆ ಎಂದು ನನಗೆ ತೋರಿಸಿದವನು ಆ ಬೈಕು ತೊಳೆಯುತ್ತಿದ್ದ ಹುಡುಗನೇ.

2016ರ ಅಕ್ಟೋಬರ್ 19, ಬುಧವಾರ. ಅವನು ಪೀಣ್ಯದ ಒಂದು ಕಾರ್ಖಾನೆಗೆ ಸೇರಿ ವರ್ಷವಾಗಿತ್ತು. "ಒಂದ್ಸಲ ಬನ್ನಿ ಸಾರ್" ಎಂದು ವಾರವಿಡೀ ಫೋನು ಮಾಡಿ ಕರೆಸಿಕೊಂಡ. ಏಷ್ಯಾದ ಕ್ಲಬ್ಬುಗಳು ಆಡುವ ಎಎಫ್‌ಸಿ ಕಪ್ಪಿನ ಸೆಮಿಫೈನಲ್, ಎರಡನೆಯ ಪಂದ್ಯ. ಎದುರಾಳಿ ಮಲೇಷ್ಯಾದ ಜೊಹೋರ್ ದಾರುಲ್ ತಾಜಿಮ್, ಹಿಂದಿನ ವರ್ಷ ಅದೇ ಕಪ್ಪು ಗೆದ್ದ ತಂಡ. ಅವರ ನೆಲದಲ್ಲಿ ನಮ್ಮವರು 1–1 ಮಾಡಿಕೊಂಡು ಬಂದಿದ್ದರು. ಇಲ್ಲಿ ಆಟ ಶುರುವಾಗಿ ಹತ್ತು ಹನ್ನೊಂದು ನಿಮಿಷಕ್ಕೆ ಅವರೇ ಗೋಲು ಹೊಡೆದರು. ಇಷ್ಟು ದೂರ ಬಂದದ್ದು ಸೋಲು ನೋಡುವುದಕ್ಕೇ ಎಂದು ನಾನು ತಲೆ ತಗ್ಗಿಸಿದೆ. ನನ್ನ ಸುತ್ತ ಯಾರೂ ತಗ್ಗಿಸಲಿಲ್ಲ. ಪಶ್ಚಿಮದ ಸ್ಟ್ಯಾಂಡಿನಲ್ಲಿ ವೆಸ್ಟ್ ಬ್ಲಾಕ್ ಬ್ಲೂಸ್ ಗುಂಪಿನ ತಮಟೆ ಮೊದಲಿಗಿಂತ ಜೋರಾಯಿತು. ವಿರಾಮಕ್ಕೆ ಸ್ವಲ್ಪ ಮುಂಚೆ ಯೂಜೀನ್‌ಸನ್ ಲಿಂಗ್ಡೋ ತೆಗೆದ ಕಾರ್ನರಿಗೆ ಛೆಟ್ರಿ ತಲೆ ಕೊಟ್ಟ. ಎರಡನೆಯ ಅವಧಿಯಲ್ಲಿ ಪೆನಾಲ್ಟಿ ಪೆಟ್ಟಿಗೆಯ ಹೊರಗಿನಿಂದಲೇ ಅವನು ಬಲಗಾಲಿನಲ್ಲಿ ಹೊಡೆದ ಚೆಂಡು ಬಲೆಗೆ ಬಿದ್ದಾಗ, ಪಕ್ಕದಲ್ಲಿ ಕೂತಿದ್ದ ಗುರುತು ಪರಿಚಯವಿಲ್ಲದ ಹಿರಿಯರೊಬ್ಬರು ನನ್ನನ್ನು ತಬ್ಬಿಕೊಂಡರು. ಆಮೇಲೆ ಹುವಾನನ್ ಮೂರನೆಯದನ್ನೂ ಹಾಕಿದ. 3–1. ಭಾರತದ ಒಂದು ಕ್ಲಬ್ ಎಎಫ್‌ಸಿ ಕಪ್ಪಿನ ಫೈನಲ್ ತಲುಪಿದ್ದು ಅದೇ ಮೊದಲು.

ನವೆಂಬರ್ 5ರಂದು ದೋಹಾದಲ್ಲಿ ಇರಾಕಿನ ಅಲ್ ಕುವಾ ಅಲ್ ಜವಿಯಾ ತಂಡ ನಮ್ಮನ್ನು 1–0ಯಿಂದ ಸೋಲಿಸಿತು. ಅದನ್ನು ನಾನು ಮನೆಯಲ್ಲಿ ಟಿವಿಯಲ್ಲಿ ನೋಡಿದೆ. ಹುಡುಗ ಫೋನಿನಲ್ಲಿ ಅಳುತ್ತಿದ್ದ. ಅವತ್ತು ಅವನು ಜೆರ್ಸಿಯನ್ನು ಒರೆಸುವ ಬಟ್ಟೆ ಮಾಡಿಕೊಳ್ಳಲಿಲ್ಲ ಎಂಬುದು ನನಗೆ ಗೊತ್ತು, ಯಾಕೆಂದರೆ ಮರುವಾರ ಊರಿಗೆ ಬಂದಾಗ ಅದನ್ನೇ ಹಾಕಿಕೊಂಡಿದ್ದ.

ನೀವು ಒಂದು ವಿಷಯ ತಿಳಿದುಕೊಳ್ಳಬೇಕು. ಕರ್ನಾಟಕದ ಫುಟ್‌ಬಾಲ್ 2013ರಲ್ಲಿ ಹುಟ್ಟಿದ್ದಲ್ಲ. ಆ ವರ್ಷ ಜೆಎಸ್‌ಡಬ್ಲ್ಯು ಕಂಪನಿ ಬೆಂಗಳೂರು ಎಫ್‌ಸಿ ಕಟ್ಟಿದಾಗ, ಮಣ್ಣಿನಲ್ಲಿ ಹೂತುಹೋಗಿದ್ದ ಒಂದು ಬೇರು ಮತ್ತೆ ಚಿಗುರಿತು ಎನ್ನಬೇಕು. 1937, 1938ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಬೊಂಬಾಯಿಗೆ ಹೋಗಿ ಎರಡು ವರ್ಷ ಸತತವಾಗಿ ರೋವರ್ಸ್ ಕಪ್ ಗೆದ್ದಿತು. ಬ್ರಿಟಿಷ್ ಪಲ್ಟನ್ನುಗಳೇ ಗೆಲ್ಲುತ್ತಿದ್ದ ಆ ಕಪ್ಪನ್ನು ಎತ್ತಿದ ಮೊದಲ ಭಾರತೀಯ ತಂಡ ಅದು. ರಾಜ್ಯ ರಾಜ್ಯಗಳ ತಂಡಗಳು ಆಡುವ ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯ ನಾಲ್ಕು ಸಲ ಗೆದ್ದಿತು: 1946–47, 1952–53, 1967–68, 1968–69. ನಾಲ್ಕೂ ಸಲ ಫೈನಲಿನಲ್ಲಿ ಸೋತದ್ದು ಬಂಗಾಳ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಸ್ವತಂತ್ರ ಭಾರತದ ಮೊದಲ ಅಂತರರಾಷ್ಟ್ರೀಯ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಅದೇ ತಂಡದಲ್ಲಿದ್ದ ಅಹ್ಮದ್ ಖಾನ್, ಧನರಾಜ್ ಕಲ್ಕತ್ತಕ್ಕೆ ಹೋಗಿ ಈಸ್ಟ್ ಬೆಂಗಾಲ್ ಸೇರಿದರು. ಆ ಕ್ಲಬ್ಬಿನ ಮುಂಚೂಣಿಯ ಐವರನ್ನು ಬಂಗಾಳಿಗಳು ಇವತ್ತಿಗೂ ಪಂಚಪಾಂಡವರು ಎಂದು ನೆನೆಯುತ್ತಾರೆ. ಆ ಐವರಲ್ಲಿ ಇವರೂ ಇಬ್ಬರು. ಕಲ್ಕತ್ತದ ಮುದುಕರಿಗೆ ಅಹ್ಮದ್ ಖಾನ್ ಗೊತ್ತು. ನಮ್ಮ ತಾಲ್ಲೂಕಿನ ಒಬ್ಬ ಪಿ.ಟಿ. ಮೇಷ್ಟ್ರಿಗೂ ಗೊತ್ತಿರಲಿಲ್ಲ. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ, ಮತ್ತು ಅದಕ್ಕೆ ನನಗೆ ನೋವಿದೆ.

1952ರ ಜುಲೈ 15ರಂದು ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಭಾರತ ಯುಗೋಸ್ಲಾವಿಯದ ಎದುರು 10–1ರಿಂದ ಸೋತಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದ್ದರು. ಬೂಟು ಹಾಕಿಯೇ ಆಡಬೇಕು ಎಂಬ ಕಟ್ಟಳೆ ನಮ್ಮ ದೇಶದಲ್ಲಿ ಬಂದದ್ದು ಆ ಸೋಲಿನ ನಂತರ. ಅವತ್ತಿನ ನಮ್ಮ ಒಂದೇ ಒಂದು ಗೋಲು ಹೊಡೆದದ್ದು ಬೆಂಗಳೂರಿನ ಅಹ್ಮದ್ ಖಾನ್. ನಾಲ್ಕು ವರ್ಷದ ನಂತರ ಮೆಲ್ಬರ್ನ್‌ನಲ್ಲಿ ಭಾರತ ಒಲಿಂಪಿಕ್ಸ್ ಸೆಮಿಫೈನಲ್ ತಲುಪಿದಾಗ ಎದುರಿಗೆ ನಿಂತದ್ದು ಮತ್ತೆ ಅದೇ ಯುಗೋಸ್ಲಾವಿಯ. ಮೊದಲ ಗೋಲು ನಮ್ಮದು, ಕೊನೆಗೆ 4–1 ಅವರದು. ಆ ಸಲದ ಭಾರತ ತಂಡದಲ್ಲಿ ಬೆಂಗಳೂರಿನ ಕೆಂಪಯ್ಯ ಇದ್ದರು. ಕೆಂಪಯ್ಯ! ನಮ್ಮ ಬೀದಿಯಲ್ಲಿ ಕೂಗಿದರೆ ನಾಲ್ಕು ಜನ ತಿರುಗಿ ನೋಡುವಂಥ ಹೆಸರು. ಆ ಹೆಸರಿನವರೊಬ್ಬರು ಒಲಿಂಪಿಕ್ಸಿನಲ್ಲಿ ಫುಟ್‌ಬಾಲ್ ಆಡಲು ಹೋಗಿದ್ದರು ಎಂದು ನಾನು ಒಂದು ದಿನವಾದರೂ ಮಕ್ಕಳಿಗೆ ಹೇಳಿದ್ದಿದ್ದರೆ!

ಹೆಲ್ಸಿಂಕಿಯಲ್ಲಿ ನಮ್ಮನ್ನು ಸೋಲಿಸಿದವರಲ್ಲಿ ರಾಜ್ಕೊ ಮಿಟಿಚ್ ಎಂಬ ಆಟಗಾರನಿದ್ದ. ಸೆರ್ಬಿಯದ ರಾಜಧಾನಿ ಬೆಲ್‌ಗ್ರೇಡಿನ ರೆಡ್ ಸ್ಟಾರ್ ಕ್ಲಬ್ಬಿನವನು. ಆ ಕ್ಲಬ್ಬಿನ ಕ್ರೀಡಾಂಗಣಕ್ಕೆ ಈಗ ಅವನ ಹೆಸರಿದೆ. ಈ ರೆಡ್ ಸ್ಟಾರಿನ ಕತೆಯನ್ನು ನಿಮಗೆ ಹೇಳಲೇಬೇಕು. ಲೀಗು ನಿಂತುಹೋಯಿತೆಂದು ಜೆರ್ಸಿ ಬಿಸಾಡುವವರು ಕೇಳಬೇಕಾದ ಕತೆ ಅದು.

1945ರ ಮಾರ್ಚಿನಲ್ಲಿ, ಮಹಾಯುದ್ಧ ಇನ್ನೂ ಮುಗಿಯದಿದ್ದಾಗ ಹುಟ್ಟಿದ ಕ್ಲಬ್ ಅದು. 1991ರ ಮೇ 29ರಂದು ಇಟಲಿಯ ಬಾರಿಯಲ್ಲಿ ಫ್ರಾನ್ಸಿನ ಮಾರ್ಸೇ ತಂಡವನ್ನು ಪೆನಾಲ್ಟಿ ಶೂಟೌಟಿನಲ್ಲಿ 5–3ರಿಂದ ಸೋಲಿಸಿ ಯುರೋಪಿನ ಚಾಂಪಿಯನ್ ಆಯಿತು. ಅದೇ ವರ್ಷದ ಕೊನೆಗೆ ಟೋಕಿಯೋದಲ್ಲಿ ಚಿಲಿ ದೇಶದ ಕೋಲೋ ಕೋಲೋ ತಂಡವನ್ನು ಸೋಲಿಸಿ ಜಗತ್ತಿನ ಕ್ಲಬ್ ಚಾಂಪಿಯನ್ನೂ ಆಯಿತು. ಅಷ್ಟರಲ್ಲಿ ದೇಶವೇ ಹರಿದು ಚೂರಾಗುತ್ತಿತ್ತು. ಯುರೋಪಿನ ಕಪ್ಪು ಉಳಿಸಿಕೊಳ್ಳಲು ಆಡಿದ ತವರಿನ ಪಂದ್ಯಗಳನ್ನು ಹಂಗೇರಿಯಲ್ಲಿ, ಬಲ್ಗೇರಿಯದಲ್ಲಿ ಆಡಬೇಕಾಯಿತು. 1992ರ ಮೇ ತಿಂಗಳಲ್ಲಿ ವಿಶ್ವಸಂಸ್ಥೆ ನಿರ್ಬಂಧ ಹೇರಿತು, ಯುರೋಪಿನ ಎಲ್ಲ ಪಂದ್ಯಾವಳಿಗಳ ಬಾಗಿಲೂ ಮುಚ್ಚಿತು. ಸಾವಿಚೆವಿಚ್, ಪ್ರೊಸಿನೆಚ್ಕಿ, ಪಾಂಚೆವ್, ಮಿಹಾಯ್ಲೊವಿಚ್ ಒಬ್ಬೊಬ್ಬರಾಗಿ ಬೇರೆ ದೇಶದ ಕ್ಲಬ್ಬುಗಳಿಗೆ ಹೋದರು. ಮೈದಾನದಲ್ಲಿ ಸೋತು ಕೆಟ್ಟ ತಂಡವಲ್ಲ ಅದು. ಮೈದಾನದ ಹೊರಗಿನವರ ಕೈಯಲ್ಲಿ ಕೆಟ್ಟದ್ದು. ಆದರೂ ಕ್ಲಬ್ ಸಾಯಲಿಲ್ಲ. ಆ ಊರಿನ ಜನ ಅದೇ ಕ್ರೀಡಾಂಗಣಕ್ಕೆ ಬರುತ್ತಲೇ ಇದ್ದರು. 2017–18ರಿಂದ 2024–25ರ ತನಕ ಎಂಟು ವರ್ಷ ಸತತವಾಗಿ ಸೆರ್ಬಿಯದ ಲೀಗು ಗೆದ್ದದ್ದು ರೆಡ್ ಸ್ಟಾರ್.

ಆ ಕತೆಗೆ ಇನ್ನೊಂದು ಮುಖವಿದೆ, ಅದನ್ನು ಮುಚ್ಚಿಟ್ಟರೆ ಮೇಷ್ಟ್ರಾಗಿ ತಪ್ಪು ಮಾಡಿದಂತೆ. ಆ ಯುದ್ಧದ ಕಾಲದಲ್ಲಿ ರೆಡ್ ಸ್ಟಾರಿನ ಅಭಿಮಾನಿಗಳ ಗುಂಪಿನಿಂದಲೇ ಯುವಕರನ್ನು ಆರಿಸಿ, ಕೈಗೆ ಬಂದೂಕು ಕೊಟ್ಟು, ಕೊಲೆ ಲೂಟಿಗೆ ಹಚ್ಚಿದ್ದೂ ನಿಜ. ಒಟ್ಟಿಗೆ ನಿಂತು ಕೂಗುವ ಸಾವಿರ ಹುಡುಗರು ಸಿಕ್ಕರೆ ಅವರನ್ನು ಬಳಸಿಕೊಳ್ಳಲು ಕಾಯುವವರು ಎಲ್ಲ ದೇಶದಲ್ಲೂ ಇರುತ್ತಾರೆ. ಕೇರಳ ಬ್ಲಾಸ್ಟರ್ಸ್ ಅಭಿಮಾನಿಗಳ ಮೇಲೆ ನಿಮ್ಮಲ್ಲಿ ಕೆಲವರು ಫೋನಿನಲ್ಲಿ ಬರೆಯುವ ಬೈಗುಳ ನಾನು ನೋಡಿದ್ದೇನೆ. 2023ರ ಮಾರ್ಚ್ 3ರ ರಾತ್ರಿ ಕಂಠೀರವದಲ್ಲಿ, ಹೆಚ್ಚುವರಿ ಅವಧಿಯಲ್ಲಿ, ಕೇರಳದವರು ಗೋಡೆ ಕಟ್ಟುವ ಮೊದಲೇ ಛೆಟ್ರಿ ಫ್ರೀಕಿಕ್ ಹೊಡೆದು ಗೋಲು ಮಾಡಿದ. ಅವರ ಕೋಚ್ ಇವಾನ್ ವುಕೊಮನೊವಿಚ್ ತಂಡವನ್ನೇ ಮೈದಾನದಿಂದ ಹೊರಗೆ ಕರೆದುಕೊಂಡು ಹೋದರು. ಅವರು ಸೆರ್ಬಿಯದವರು, ಹಿಂದೆ ಅದೇ ರೆಡ್ ಸ್ಟಾರಿಗೆ ಆಡಿದವರು. ನಿಯಮದ ಪ್ರಕಾರ ಗೋಲು ಸರಿ, ಹೊರನಡೆದದ್ದು ತಪ್ಪು. ಅದಕ್ಕೆ ಅವರಿಗೂ ಕ್ಲಬ್ಬಿಗೂ ದಂಡ ಬಿತ್ತು. ಅಲ್ಲಿಗೆ ಮುಗಿಯಬೇಕು. ನಮ್ಮ ಗಡಿ ದಾಟಿದರೆ ಸಿಗುವ ವಯನಾಡಿನ ಹುಡುಗರನ್ನು ತಾಯಿ ಅಕ್ಕ ಎಂದು ಬೈಯುವುದು ಕ್ಲಬ್ಬಿನ ಪ್ರೀತಿಯಲ್ಲ. ಕಬಿನಿ ಹುಟ್ಟಿ ಬರುವುದು ಅವರ ಬೆಟ್ಟದಿಂದ, ಅದು ಕಾವೇರಿ ಸೇರುವುದು ನಮ್ಮ ಊರಿನ ಮುಂದೆ. ಆ ನೀರು ಕುಡಿದು ಅವರನ್ನು ಬೈಯಬೇಡಿ.

ಈಗ ನಮ್ಮ ಕ್ಲಬ್ಬಿನ ಮಾತು. "ಗೆದ್ದು ಎಷ್ಟು ವರ್ಷ ಆಯ್ತು" ಅಂದೆಯಲ್ಲ, ಕೂತು ಲೆಕ್ಕ ಹಾಕೋಣ.

2013ರ ಜುಲೈನಲ್ಲಿ ಕ್ಲಬ್ ಶುರುವಾಯಿತು. ಮೊದಲ ಪಂದ್ಯ ಸೆಪ್ಟೆಂಬರಿನಲ್ಲಿ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ, ಕಲ್ಕತ್ತದ ಮೋಹನ್ ಬಗಾನ್ ಎದುರು 1–1. ಕೋಚ್ ಆಶ್ಲಿ ವೆಸ್ಟ್‌ವುಡ್ ಆಟಗಾರರ ಊಟ, ನಿದ್ದೆ, ತೂಕ ಎಲ್ಲವನ್ನೂ ಅಳೆದು ನೋಡಿ ತಂಡ ಕಟ್ಟಿದರು. 2014ರ ಏಪ್ರಿಲ್ 21ರಂದು ಗೋವಾದಲ್ಲಿ ಡೆಂಪೊ ತಂಡವನ್ನು 4–2ರಿಂದ ಸೋಲಿಸಿ, ಆಡಿದ ಮೊದಲ ವರ್ಷವೇ ಆಗಿನ ರಾಷ್ಟ್ರೀಯ ಲೀಗಾದ ಐ–ಲೀಗ್ ಗೆದ್ದರು. ಮರುವರ್ಷ ಫೆಡರೇಷನ್ ಕಪ್. ಆ ವರ್ಷದ ಐ–ಲೀಗ್ ಮಾತ್ರ ಕೈಗೆ ಬಂದು ಜಾರಿತು. 2015ರ ಮೇ 31, ಕಂಠೀರವದಲ್ಲಿ ಕೊನೆಯ ಪಂದ್ಯ, ಮತ್ತೆ ಮೋಹನ್ ಬಗಾನ್. ನಮಗೆ ಗೆಲುವು ಬೇಕು, ಅವರಿಗೆ ಸಮ ಸಾಕು. ಜಾನ್ ಜಾನ್ಸನ್ ಗೋಲು ಹೊಡೆದ. 87ನೆಯ ನಿಮಿಷದ ತನಕ ಕಪ್ಪು ನಮ್ಮದಾಗಿತ್ತು. ಆಗ ಬೆಲ್ಲೊ ರಜಾಕ್ ಕಾರ್ನರಿಗೆ ತಲೆ ಕೊಟ್ಟ, ಕಪ್ಪು ಕಲ್ಕತ್ತಕ್ಕೆ ಹೋಯಿತು. ಆ ದಿನ ಅತ್ತವರು 2016ರಲ್ಲಿ ಮತ್ತೆ ಐ–ಲೀಗ್ ಗೆದ್ದಾಗ ಅದೇ ಸ್ಟ್ಯಾಂಡಿನಲ್ಲಿದ್ದರು.

2017ರಲ್ಲಿ ಎರಡನೆಯ ಫೆಡರೇಷನ್ ಕಪ್. ಅದೇ ವರ್ಷ ಇಂಡಿಯನ್ ಸೂಪರ್ ಲೀಗಿಗೆ (ಐಎಸ್ಎಲ್) ಸೇರಿದರು. ಮೊದಲ ಸೀಸನ್ನಿನಲ್ಲೇ ಪಟ್ಟಿಯ ನೆತ್ತಿಯಲ್ಲಿ ಕೂತು, ಸ್ವಂತ ಮೈದಾನದ ಫೈನಲಿನಲ್ಲಿ ಚೆನ್ನೈಯಿನ್ ಎದುರು 3–2ರಿಂದ ಸೋತರು. ಒಂದು ತಿಂಗಳು ಕಳೆದು ಭುವನೇಶ್ವರದಲ್ಲಿ ಸೂಪರ್ ಕಪ್ ಗೆದ್ದರು. ಮರುವರ್ಷ, 2019ರ ಮಾರ್ಚ್ 17ರಂದು ಮುಂಬಯಿಯಲ್ಲಿ ಗೋವಾ ಎದುರು ಐಎಸ್ಎಲ್ ಫೈನಲ್. 117ನೆಯ ನಿಮಿಷದಲ್ಲಿ ಡಿಮಾಸ್ ಡೆಲ್ಗಾಡೊ ತೆಗೆದ ಕಾರ್ನರ್, ರಾಹುಲ್ ಭೇಕೆಯ ತಲೆ, 1–0. ಲೀಗ್ ಪಟ್ಟಿಯಲ್ಲಿ ಮೊದಲು ಬಂದ ತಂಡವೇ ಕಪ್ಪನ್ನೂ ಗೆದ್ದದ್ದು ಐಎಸ್ಎಲ್‌ನಲ್ಲಿ ಅದೇ ಮೊದಲ ಸಲ. ಆರು ವರ್ಷದಲ್ಲಿ ಇಷ್ಟು ಗೆದ್ದ ಬೇರೆ ಹೊಸ ಕ್ಲಬ್ ನಮ್ಮ ದೇಶದಲ್ಲಿ ನನಗೆ ಕಾಣುವುದಿಲ್ಲ.

ಅಲ್ಲಿಂದ ಇಳಿಜಾರು ಎಂದು ನೀವು ಹೇಳುತ್ತೀರಿ. ಅರ್ಧ ನಿಜ. 2020–21ರಲ್ಲಿ ಏಳನೆಯ ಸ್ಥಾನ, ಮರುವರ್ಷ ಆರನೆಯದು. ಸೀಸನ್ನಿನ ನಡುವೆ ಕೋಚ್ ಬದಲಾದರು, ಹಳಬರಿಗೆ ವಯಸ್ಸಾಯಿತು, ಕೊರೊನಾದಿಂದಾಗಿ ಪಂದ್ಯಗಳೆಲ್ಲ ಗೋವಾದ ಖಾಲಿ ಮೈದಾನಗಳಲ್ಲಿ ನಡೆದವು. ಜನರ ಕೂಗಿನಿಂದ ಬೆಳೆದ ತಂಡಕ್ಕೆ ಆ ಮೌನವೂ ಪೆಟ್ಟು ಕೊಟ್ಟಿತು ಎಂದೇ ನನ್ನ ಎಣಿಕೆ. 2022ರ ಸೆಪ್ಟೆಂಬರಿನಲ್ಲಿ ಕಲ್ಕತ್ತದಲ್ಲಿ ಮುಂಬಯಿ ಸಿಟಿಯನ್ನು 2–1ರಿಂದ ಸೋಲಿಸಿ ಡ್ಯುರಾಂಡ್ ಕಪ್ ಗೆದ್ದರು. ನೂರಾಮೂವತ್ತು ವರ್ಷ ದಾಟಿದ ಪಂದ್ಯಾವಳಿ ಅದು. ಅದೇ ಸೀಸನ್ನಿನ ಲೀಗಿನಲ್ಲಿ ಕೊನೆಯ ಎಂಟು ಪಂದ್ಯಗಳನ್ನು ಸತತವಾಗಿ ಗೆದ್ದು ಫೈನಲ್ ತಲುಪಿದರು. ಆಟ 2–2, ಶೂಟೌಟಿನಲ್ಲಿ ಸೋಲು. 2023–24ರಲ್ಲಿ ಹತ್ತನೆಯ ಸ್ಥಾನ, ಕ್ಲಬ್ಬಿನ ಅತಿ ಕೆಟ್ಟ ವರ್ಷ. ಅದನ್ನು ಯಾರೂ ಚೆಂದ ಮಾಡಿ ಹೇಳಬೇಕಿಲ್ಲ.

ಆದರೆ 2024–25? ಮೊದಲ ಪಂದ್ಯದಲ್ಲೇ ಈಸ್ಟ್ ಬೆಂಗಾಲ್ ಎದುರು ಗೆಲುವಿನ ಗೋಲು ಹೊಡೆದದ್ದು ಕ್ಲಬ್ಬಿನ ಕಿರಿಯರ ತಂಡದಿಂದಲೇ ಮೇಲೆ ಬಂದ 19 ವರ್ಷದ ವಿನೀತ್ ವೆಂಕಟೇಶ್. ಡಿಸೆಂಬರ್ 7ರಂದು ಕೇರಳದ ಎದುರು 4–2, ಅದರಲ್ಲಿ ಮೂರು ಗೋಲು ನಲವತ್ತು ವರ್ಷದ ಛೆಟ್ರಿಯದು. ಆ ಸೀಸನ್ನಿನಲ್ಲಿ ಅವನು ಹೊಡೆದದ್ದು 14 ಗೋಲು. ಭಾರತದ ಬೇರೆ ಯಾವ ಆಟಗಾರನೂ ಅಷ್ಟು ಹೊಡೆಯಲಿಲ್ಲ. ನಾಕೌಟಿನಲ್ಲಿ ಮುಂಬಯಿಯನ್ನು 5–0ಯಿಂದ ಮಲಗಿಸಿದರು. ಸೆಮಿಫೈನಲಿನ ಎರಡನೆಯ ಪಂದ್ಯ ಗೋವಾದಲ್ಲಿ ಕೈತಪ್ಪುತ್ತಿತ್ತು, ಕೊನೆಯ ಗಳಿಗೆಯಲ್ಲಿ ಮತ್ತೆ ಛೆಟ್ರಿಯ ತಲೆ ಉಳಿಸಿತು. ಏಪ್ರಿಲ್ 12ರಂದು ಕಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ ಫೈನಲ್, ಎದುರಾಳಿ ಮತ್ತದೇ ಮೋಹನ್ ಬಗಾನ್. 1–0 ಮುಂದಿದ್ದೆವು. ಪೆನಾಲ್ಟಿಯಿಂದ ಸಮವಾಯಿತು, ಹೆಚ್ಚುವರಿ ಅವಧಿಯಲ್ಲಿ ಮೆಕ್ಲಾರೆನ್ ಹೊಡೆದ ಗೋಲಿನಿಂದ 2–1. ಹತ್ತನೆಯ ಸ್ಥಾನದಲ್ಲಿ ಬಿದ್ದಿದ್ದ ತಂಡ ಒಂದೇ ವರ್ಷದಲ್ಲಿ ಎದ್ದು ಫೈನಲಿನ ಹೆಚ್ಚುವರಿ ಅವಧಿಯ ತನಕ ಹೋಯಿತು. ಇದನ್ನು ಮುಗಿದುಹೋದ ಕ್ಲಬ್ ಅಂತೀರಾ?

ಆಮೇಲೆ ಆದದ್ದು ಆಟದ ಸೋಲಲ್ಲ. ಫುಟ್‌ಬಾಲ್ ಫೆಡರೇಷನ್ನಿಗೂ ಲೀಗು ನಡೆಸುತ್ತಿದ್ದ ಕಂಪನಿಗೂ 2010ರಲ್ಲಿ ಆಗಿದ್ದ 15 ವರ್ಷದ ಕರಾರು 2025ರ ಡಿಸೆಂಬರಿಗೆ ಮುಗಿಯುವುದಿತ್ತು. ಮುಂದೇನು ಎಂಬುದು ತೀರ್ಮಾನವಾಗದೆ ಜುಲೈನಲ್ಲಿ ಲೀಗನ್ನು ತಡೆಹಿಡಿದರು. ಆಗಸ್ಟಿನಲ್ಲಿ ನಮ್ಮ ಕ್ಲಬ್ ಹಿರಿಯರ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ನಿಲ್ಲಿಸುವುದಾಗಿ ಪ್ರಕಟಿಸಿತು. ನವೆಂಬರಿನಲ್ಲಿ ಟೆಂಡರ್ ಕರೆದರೆ ಒಬ್ಬರೂ ಬರಲಿಲ್ಲ. ಈ ತಿಂಗಳು ಕೇಂದ್ರದ ಕ್ರೀಡಾ ಸಚಿವರು ಬಂದು, ಫೆಬ್ರವರಿ 14ರಿಂದ 14 ಕ್ಲಬ್ಬುಗಳ, 91 ಪಂದ್ಯಗಳ ಸಣ್ಣ ಲೀಗು ನಡೆಯುತ್ತದೆ ಎಂದು ಹೇಳಬೇಕಾಯಿತು. ದೊಡ್ಡವರ ಕಾಗದಪತ್ರದ ಜಗಳಕ್ಕೆ ಆಟಗಾರ ಮನೆಯಲ್ಲಿ ಕೂತ. ಇದರಲ್ಲಿ ವಿನೀತನ ತಪ್ಪೇನು? ಛೆಟ್ರಿಯ ತಪ್ಪೇನು?

ಆಗಸ್ಟಿನ ಆ ಪ್ರಕಟಣೆಯಲ್ಲಿ ಇನ್ನೊಂದು ಸಾಲಿತ್ತು. ಅದನ್ನು ನಿಮ್ಮಲ್ಲಿ ಎಷ್ಟು ಜನ ಓದಿದಿರೋ ಕಾಣೆ. ಕಿರಿಯರ ತಂಡಗಳು, ಮಕ್ಕಳ ಫುಟ್‌ಬಾಲ್ ಶಾಲೆಗಳು ಎಂದಿನಂತೆ ನಡೆಯುತ್ತವೆ ಎಂಬ ಸಾಲು. ಮಾಳಿಗೆಗೆ ಬೆಂಕಿ ಬಿದ್ದಾಗಲೂ ಬಿತ್ತನೆ ಬೀಜದ ಮೂಟೆಯನ್ನು ಮೊದಲು ಹೊರಗೆ ತಂದಂತೆ. ರೈತರ ಮಕ್ಕಳು ನೀವು, ಅದರ ಬೆಲೆ ನಿಮಗೆ ನಾನು ಹೇಳಬೇಕಾಗಿಲ್ಲ.

ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಗೌತಮ ರಥ ಎಷ್ಟು ಸಲ ನಡುಬೀದಿಯಲ್ಲಿ ನಿಂತಿಲ್ಲ? ನಿಂತಿತೆಂದು ಹಗ್ಗ ಬಿಟ್ಟು ಮನೆಗೆ ಹೋದವರನ್ನು ನೋಡಿದ್ದೀರಾ? ಚಕ್ರಕ್ಕೆ ಸನ್ನೆ ಕೊಡುವವರು ಕೊಡುತ್ತಾರೆ, ಮಿಕ್ಕವರು ಬಿಸಿಲಲ್ಲಿ ಹಗ್ಗ ಹಿಡಿದೇ ನಿಂತಿರುತ್ತಾರೆ. ಹಳೆಯ ಮೈಸೂರಿನ ಫುಟ್‌ಬಾಲ್ ಕೆಟ್ಟದ್ದು ಹಗ್ಗ ಹಿಡಿಯುವವರು ಚದುರಿದ್ದರಿಂದ ಎಂದು ನಾನು ನಂಬುತ್ತೇನೆ. ಎಚ್ಎಎಲ್, ಐಟಿಐ ಮುಂತಾದ ಕಾರ್ಖಾನೆಗಳು ಆಟಗಾರರಿಗೆ ಕೆಲಸ ಕೊಟ್ಟು ತಂಡ ಸಾಕಿದವು. ಆ ತಂಡಗಳು ದೇಶದ ದೊಡ್ಡ ಲೀಗಿನಲ್ಲೂ ಆಡಿದವು. ಆದರೆ ಅವು ಕಾರ್ಖಾನೆಯ ತಂಡಗಳಾಗಿಯೇ ಉಳಿದವು, ಊರಿನ ತಂಡಗಳಾಗಲಿಲ್ಲ. ನೇಮಕ ನಿಂತಾಗ ಆಟವೂ ಸೊರಗಿತು, ಬೀದಿಗಿಳಿದು ಕೇಳುವವರು ಇರಲಿಲ್ಲ. 1969ರ ನಂತರ ಸಂತೋಷ್ ಟ್ರೋಫಿ ಮತ್ತೆ ನಮ್ಮ ರಾಜ್ಯಕ್ಕೆ ಬರಲು 54 ವರ್ಷ ಬೇಕಾಯಿತು. 2023ರ ಮಾರ್ಚ್ 4ರಂದು ಸೌದಿಯ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿತು. ಮಧ್ಯದ 54 ವರ್ಷದಲ್ಲಿ ಎಷ್ಟು ಕೆಂಪಯ್ಯಗಳು ಚೆಂಡನ್ನೇ ಮುಟ್ಟದೆ ಮುದುಕರಾದರೋ.

"ಫುಟ್‌ಬಾಲ್ ನಮ್ಮ ಕಡೆ ಆಟ ಅಲ್ಲ ಸಾರ್, ನಾವು ಹೋಗಿ ನೋಡಿ ಬರೋರು ಅಷ್ಟೆ" ಎಂದು ಅವತ್ತು ಇನ್ನೊಬ್ಬ ಹೇಳಿದ. ಅವನಿಗೆ ಕುರುಬೂರು ತೋರಿಸುತ್ತೇನೆ. ನಮ್ಮದೇ ತಾಲ್ಲೂಕಿನ ಹಳ್ಳಿ, ಬಸ್ಸಿನಲ್ಲಿ ಮೈಸೂರಿಗೆ ಹೋಗಿ ಬರುವ ನಿಮಗೆಲ್ಲ ಗೊತ್ತಿರುವ ಊರು. ಅಲ್ಲಿನ ಬಿ. ಚೈತ್ರಾ 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಕೊಕ್ಕೊ ವಿಶ್ವಕಪ್ಪಿನಲ್ಲಿ ಭಾರತಕ್ಕೆ ಆಡಿದಳು. ಫೈನಲಿನಲ್ಲಿ ನೇಪಾಳವನ್ನು 78–40ರಿಂದ ಸೋಲಿಸಿದ ದಿನ ಪಂದ್ಯದ ಶ್ರೇಷ್ಠ ಆಟಗಾರ್ತಿ ನಮ್ಮ ಚೈತ್ರಾ. ಆಮೇಲೆ ಸರ್ಕಾರ 5 ಲಕ್ಷ ಬಹುಮಾನ ಘೋಷಿಸಿದಾಗ, ಮಹಾರಾಷ್ಟ್ರ ತನ್ನ ಆಟಗಾರರಿಗೆ ಕೋಟಿಗಳ ಲೆಕ್ಕದಲ್ಲಿ ಹಣವನ್ನೂ ಕೆಲಸವನ್ನೂ ಕೊಟ್ಟಿದೆ ಎಂದು ಹೇಳಿ, ರಾಜ್ಯದ ಇನ್ನೊಬ್ಬ ಆಟಗಾರನ ಜೊತೆ ಸೇರಿ ಅದನ್ನು ಬೇಡವೆಂದಳು. ಆ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ. ಕುರುಬೂರಿನಲ್ಲಿ ಇದಾಗಿದ್ದು ಹೇಗೆ? ಯಾವ ದೊಡ್ಡ ಕಂಪನಿಯೂ ಅಲ್ಲಿಗೆ ಬಂದು ಕ್ರೀಡಾಂಗಣ ಕಟ್ಟಲಿಲ್ಲ. ಮಣ್ಣಿನ ಅಂಕಣ, ಎರಡು ಕಂಬ, ದಿನ ತಪ್ಪದೆ ಬಂದು ನಿಲ್ಲುವ ಹಿರಿಯರು, ಆಡಲು ಬಿಟ್ಟ ಅಪ್ಪ ಅಮ್ಮ. ಅಷ್ಟಿದ್ದರೆ ನಮ್ಮ ತಾಲ್ಲೂಕಿನ ಮಗು ಜಗತ್ತು ಗೆಲ್ಲುತ್ತದೆ ಎಂಬುದಕ್ಕೆ ಈಗ ಸಾಕ್ಷಿ ಇದೆ. ಕೊಕ್ಕೊಗೆ ಆದದ್ದು ಫುಟ್‌ಬಾಲಿಗೆ ಯಾಕೆ ಆಗಬಾರದು? ಹುಡುಗಿಯರಿಗೂ ಇದು ಅನ್ವಯಿಸುತ್ತದೆ. ಬೆಂಗಳೂರಿನ ಕಿಕ್‌ಸ್ಟಾರ್ಟ್ ಕ್ಲಬ್ಬಿನ ಮಹಿಳೆಯರು 2023ರಲ್ಲಿ ರಾಷ್ಟ್ರೀಯ ಮಹಿಳಾ ಲೀಗಿನ ಫೈನಲ್ ತನಕ ಹೋಗಿದ್ದರು.

ಅದಕ್ಕೇ ನಿಮ್ಮಲ್ಲಿ ಎರಡು ಬೇಡಿಕೆ.

ಫೆಬ್ರವರಿಯಲ್ಲಿ ಆಟ ಶುರುವಾದಾಗ ಕ್ರೀಡಾಂಗಣಕ್ಕೆ ಹೋಗಿ. ಗೆಲ್ಲುವ ಲಕ್ಷಣ ಕಂಡಮೇಲೆ ಹೋಗುತ್ತೇನೆ ಎನ್ನಬೇಡಿ. ತಿಂಗಳುಗಟ್ಟಲೆ ಪಂದ್ಯವಿಲ್ಲದೆ ಕೂತ ಆಟಗಾರರು ಮೊದಲ ಪಂದ್ಯಗಳಲ್ಲಿ ಎಡವಬಹುದು. ಆಗಲೇ ನೀವು ಅಲ್ಲಿರಬೇಕು, 2016ರ ಆ ರಾತ್ರಿ 1–0 ಹಿಂದೆ ಬಿದ್ದಾಗ ಇದ್ದ ಹಾಗೆ. ನಿಮ್ಮ ಗುಂಪಿನಲ್ಲಿ ಕನ್ನಡದ ಕೂಗು ಜೋರಾಗಿರಲಿ. ಮಣಿಪುರದಿಂದ, ಮಿಜೋರಾಮಿನಿಂದ, ಪಂಜಾಬಿನಿಂದ ಬಂದು ನಮ್ಮ ಊರಿನ ಹೆಸರು ಎದೆಯ ಮೇಲೆ ಹಾಕಿಕೊಂಡು ಆಡುವ ಆ ಹುಡುಗರಿಗೆ ನಮ್ಮ ಭಾಷೆಯಲ್ಲಿ ಒಂದು ಶಹಭಾಸ್ ಕೇಳಿಸಲಿ.

ಎರಡನೆಯದು ಇಲ್ಲಿಯ ಕೆಲಸ. ನಿವೃತ್ತಿಯಾದ ಮೇಲೆ ನನಗೆ ಬೆಳಗಿನ ಹೊತ್ತು ಬಿಡುವಿದೆ. ಕಳೆದ ದೀಪಾವಳಿಯಿಂದ ಪ್ರತಿ ಭಾನುವಾರ ಹದಿನಾಲ್ಕು ಮಕ್ಕಳು ಮೈದಾನಕ್ಕೆ ಬರುತ್ತಿದ್ದಾರೆ. ಅದರಲ್ಲಿ ಐವರು ಹುಡುಗಿಯರು, ಇಬ್ಬರು ಬನ್ನೂರಿನ ಕಡೆಯಿಂದ ಮೊದಲ ಬಸ್ಸಿಗೇ ಬರುತ್ತಾರೆ. ನಮ್ಮಲ್ಲಿರುವುದು ಎರಡು ಚೆಂಡು. ಗೋಲಿನ ಕಂಬಕ್ಕೆ ಬಿದಿರು ನೆಟ್ಟಿದ್ದೇವೆ, ಬಲೆ ಇಲ್ಲ. ನಾನು ಓಡಿಸಬಲ್ಲೆ, ಸಾಲು ನಿಲ್ಲಿಸಬಲ್ಲೆ, ನಿಯಮ ಹೇಳಬಲ್ಲೆ. ಎಡಗಾಲಿನಲ್ಲಿ ಪಾಸ್ ಕೊಡುವುದು, ಎದುರಾಳಿಯನ್ನು ದಾಟಿಸಿಕೊಂಡು ಹೋಗುವುದು ಹೇಗೆಂದು ತೋರಿಸಲು ನನ್ನ ಮಂಡಿಗೆ ಈಗ ಆಗುವುದಿಲ್ಲ. ಹತ್ತು ವರ್ಷ ಕಂಠೀರವದಲ್ಲಿ ಕೂತು ನೋಡಿದ ನಿಮ್ಮ ಕಣ್ಣಿಗೆ ಅದು ಗೊತ್ತು. ಶನಿವಾರ ರಾತ್ರಿಯ ಬಸ್ಸಿಗೆ ಊರಿಗೆ ಬರುವವರು ಸರದಿಯ ಮೇಲೆ ತಿಂಗಳಿಗೆ ಒಬ್ಬೊಬ್ಬರು ಬಂದರೂ ಸಾಕು. ದುಡ್ಡು ಕೊಡುತ್ತೇನೆ ಅನ್ನುವವರು ಚೆಂಡು, ಬೂಟು, ಒಂದು ಜೊತೆ ಬಲೆಯನ್ನೇ ತಂದುಕೊಡಿ. ಆರನೇ ತರಗತಿಯ ಒಬ್ಬ ಹುಡುಗ ಅಣ್ಣನ ಶಾಲೆಯ ಬೂಟಿಗೆ ಬಟ್ಟೆ ತುರುಕಿಕೊಂಡು ಆಡುತ್ತಿದ್ದಾನೆ. ಅವನಿಗೆ ಮೂರನೆಯ ನಂಬರಿನ ಬೂಟು ಬೇಕು.

ಬೈಕು ತೊಳೆಯುತ್ತಿದ್ದ ನಿನಗೂ ಹೇಳುತ್ತಿದ್ದೇನಪ್ಪ. ಆ ಜೆರ್ಸಿಯ ಗ್ರೀಸು ಸೀಗೆಪುಡಿಯಲ್ಲಿ ನೆನೆಸಿದರೆ ಬಿಡುತ್ತದೆ. ಒಗೆದು, ಒಣಗಿಸಿ, ಹಾಕಿಕೊಂಡು ಬಾ. ಭಾನುವಾರ ಬೆಳಿಗ್ಗೆ ಆರೂವರೆಗೆ ನಾನು ಮೈದಾನದಲ್ಲಿರುತ್ತೇನೆ.

ಇಂತಿ,
ನಿಮ್ಮ ಪಿ.ಟಿ. ಮೇಷ್ಟ್ರು